ರೂಪಾಲಿಯನ್ನು ಉಳಿಸಿಕೊಳ್ಳಲು ಹೋದ ದಿನ

ಕಾನಸೂರಿನಲ್ಲಿ ಮಿಕ್ಸರ್ ರಿಪೇರಿ ಅಂಗಡಿ ಇಟ್ಟಿದ್ದ ಕಿಶೋರನ ನೆಮ್ಮದಿ ಕೆಟ್ಟಿದ್ದು ಪಕ್ಕದ ಮನೆಯ ಉಲ್ಲಾಸನ ಮೊಬೈಲಿನಿಂದ.

“ಕಿಶೋರಾ, ಹೊಸ ಮಸೂದೆ ಬತ್ತಡ! ದಾಖಲೆ ಇಲ್ದೇ ಹೊರಗಿಂದ ಬಂದವ್ರನ್ನ ಹಿಡ್ದು ಗಡಿ ದಾಟಸ್ತ್ವಡ. ನಿನ್ನ ಹೆಂಡ್ತಿ ಎಲ್ಲಿದು?”

“ಅಸ್ಸಾಮು. ಅದು ನಮ್ಮ ದೇಶವೇಯಾ ಮಾರಾಯಾ.”

“ದೇಶ ನಮ್ದೇಯಾ. ಆದ್ರೆ ಗಡಿಗೆ ತಾಗೇ ಇದ್ದಲಾ!”

ಊರಲ್ಲಿ ಹೆಣ್ಣು ಸಿಗದೆ ಮೂವತ್ತೆಂಟರವರೆಗೆ ಕಾದು ರೂಪಾಲಿಯ ಕೈ ಹಿಡಿದಿದ್ದ ಕಿಶೋರ. ಅವನ ಎದೆ ಸ್ಕ್ರೂ ಸಡಿಲಾದ ಮಿಕ್ಸರಿನಂತೆ ಗಡಗಡಿಸಿತು. ಮಧ್ಯಾಹ್ನ ಮನೆಗೆ ಬಂದರೆ ಎದುರುಮನೆಯ ಪರಿಮಳಕ್ಕ ರೂಪಾಲಿಯನ್ನು ತಬ್ಬಿಕೊಂಡು ಅಳುತ್ತಿದ್ದರು. “ಹೋದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಸಿಕ್ತಿಲ್ಲೆ ತಂಗೀ, ತಗ,” ಎಂದು ಭರಣಿಯನ್ನೇ ಕೊಟ್ಟರು.

“ಆನು ಎಲ್ಲಿಗೆ ಹೋಗ್ತೆ?” ಎಂದಳು ರೂಪಾಲಿ. ಕಿಶೋರ ತಡವರಿಸುತ್ತ ಎಲ್ಲ ಹೇಳಿದ.

ಅವಳು ನಗಲಿಲ್ಲ. ಅಟ್ಟದಿಂದ ಒಂದು ಚೀಲ ಇಳಿಸಿದಳು. ಅಜ್ಜನ ಹೆಸರಿದ್ದ ಹಳೆಯ ಮತದಾರರ ಪಟ್ಟಿ, ಅಪ್ಪನ ಜಮೀನಿನ ಪತ್ರ, ತನ್ನ ಜನನ ಪತ್ರ, ಎಲ್ಲಕ್ಕೂ ಲ್ಯಾಮಿನೇಷನ್. “ಅಸ್ಸಾಮಲ್ಲಿ ಪೌರತ್ವದ ಪಟ್ಟಿ ಮಾಡಕಾದ್ರೆ ಇದನ್ನೆಲ್ಲ ಹಿಡ್ಕಂಡು ಮನೆಮಂದಿಯೆಲ್ಲ ಸಾಲಲ್ಲಿ ನಿಂತಿದ್ಯ. ಅಮ್ಮಂಗೆ ಇವತ್ತಿಗೂ ಪೋಸ್ಟ್‌ಮನ್ ಕಂಡ್ರೆ ನೋಟೀಸು ಬಂತೇನೋ ಹೇಳಿ ಹೆದ್ರಿಕೆ.”

ಆದರೂ ಕಿಶೋರನಿಗೆ ಸಮಾಧಾನವಿಲ್ಲ. ಸಿಕ್ಕ ಬಸ್ಸು ಹತ್ತಿ ಇಬ್ಬರೂ ಸಿದ್ದಾಪುರದ ವಕೀಲೆ ಭೂಮಿಕಾ ಅವರಲ್ಲಿಗೆ ಹೋದರು. ಧೈರ್ಯಕ್ಕಿರಲಿ ಎಂದು ಉಲ್ಲಾಸ ಕರೆಯದೆಯೇ ಜೊತೆಗೆ ಬಂದ.

ಭೂಮಿಕಾ ಕಾಗದ ತಿರುವಿದರು. “ಎಲ್ಲ ಸರಿ ಇದೆ. ಇವ್ರನ್ನ ಯಾರೂ ಎಲ್ಲಿಗೂ ಕಳ್ಸೋದಿಲ್ಲ.”

ಕಿಶೋರನಿಗೆ ಹೋದ ಉಸಿರು ಬಂತು.

“ಮದ್ವೆ ನೋಂದಣಿ ಆಗಿಲ್ವಾ? ಅದೊಂದು ಮಾಡ್ಸಿಬಿಡಿ. ನಿಮ್ಮ ದಾಖಲೆ?”

ಕಿಶೋರ ಕೊಟ್ಟ. ಆಧಾರಿನಲ್ಲಿ ಕಿಶೋರ, ಶಾಲೆಯ ಸರ್ಟಿಫಿಕೇಟಿನಲ್ಲಿ ಅಜ್ಜ ಇಟ್ಟ ಹೆಸರು ಕೃಷ್ಣಮೂರ್ತಿ. ರೇಷನ್ ಕಾರ್ಡಿನಲ್ಲಿ ‘ಕಿಶೋರಿ, ಹೆಣ್ಣು’. ಜನನ ಪತ್ರವಂತೂ ಇಲ್ಲವೇ ಇಲ್ಲ.

“ನೀವು ಯಾರು ಅಂತಾನೇ ಮೊದ್ಲು ಗೊತ್ತಾಗ್ಬೇಕಲ್ಲ!” ಎಂದರು ಭೂಮಿಕಾ. “ಪರಿಚಯದವ್ರು ಒಬ್ರು ಅಫಿಡವಿಟ್ಟಿಗೆ ಸಹಿ ಹಾಕ್ಲಿ.”

ಕಿಶೋರ ಉಲ್ಲಾಸನತ್ತ ತಿರುಗಿದ. ಒಂದನೇ ಇಯತ್ತೆಯಿಂದ ಒಂದೇ ಬೆಂಚಿನಲ್ಲಿ ಕೂತವನು ಆಗಲೇ ಚಪ್ಪಲಿ ಹುಡುಕುತ್ತಿದ್ದ. “ಹೊಸ ಕಾಯ್ದೆ ಬಪ್ಪ ಹೊತ್ತು ಮಾರಾಯಾ. ಆನು ಸಹಿ ಹಾಕ್ತ್ನಿಲ್ಲೆ.”

“ಆನು ಹಾಕ್ತೆ,” ಎಂದು ರೂಪಾಲಿ ಪೆನ್ನು ಎತ್ತಿಕೊಂಡಳು.

“ಎಷ್ಟು ವರ್ಷದ ಪರಿಚಯ?” ಎಂದು ಕೇಳಿದರು ಭೂಮಿಕಾ.

“ಮೂರು.”

“ಸಾಲ್ದಮ್ಮ. ಐದಾದ್ರೂ ಬೇಕು.”

ರೂಪಾಲಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗಾಬರಿಯಿಂದ ಕೇಳಿದಳು: “ಹಂಗಾದ್ರೆ ಇನ್ನೆರಡು ವರ್ಷ ಇವ್ರನ್ನ ಯಾವ ದೇಶದಲ್ಲಿ ಇಡ್ಬೇಕು?”