ಒಳ್ಳೇ ಚಿಕ್ಕವ್ವ ಇರೋ ದೇಶ

ಕಥೆ ಹೇಳೋದು ಸುಲಭದ ಕೆಲ್ಸ ಅಂತ ಯಾರ್ರೀ ಹೇಳಿದ್ದು ನಿಮ್ಗೆ? ಗಾವಡಗೆರೆ ಹತ್ರ ನಮ್ಮ ಸರ್ಕಾರಿ ಶಾಲೇಲಿ, ನಾಲ್ಕನೇ ಕ್ಲಾಸಿಗೆ ಒಂದು ವಾರ ಹೇಳಿ ನೋಡಿ. ಇಂಥವೆಲ್ಲ ನಂಗೇ ಯಾಕೆ ಆಗ್ತವೋ! ಒಂದೇ ಕಥೆನ ಬೇರೆ ಬೇರೆ ದೇಶದಲ್ಲಿ ಹೆಂಗೆ ಹೇಳ್ತಾರೆ ಅಂತ ಮಕ್ಳಿಗೆ ತೋರ್ಸೋ ಆಸೆ ನಂದು. ಮಲತಾಯಿ ಕಾಟ, ಒಲೆ ಬೂದಿ ತೆಗೆಯೋ ಹುಡುಗಿ, ಕಳೆದುಹೋದ ಚಪ್ಪಲಿ, ಹುಡುಕ್ಕೊಂಡು ಬರೋ ರಾಜಕುಮಾರ. ಅಷ್ಟೇ ಕಥೆ. ಅಷ್ಟರಲ್ಲೇ ಒಂದು ಮಗು ಶಾಲೆ ಬಿಡೋ ಹಂಗಾಯ್ತು.

ಸೋಮವಾರ, ಫ್ರಾನ್ಸು

"ರಾಜಕುಮಾರ ಆ ಚಪ್ಪಲಿ ಕೈಲಿ ಹಿಡ್ಕೊಂಡು ಮನೆ ಮನೆ ಬಾಗಿಲು ತಟ್ಟಿದ" ಅಂದೆ. ಕ್ಲಾಸು ಉಸಿರು ಬಿಗಿ ಹಿಡೀತು. ಕಥೆ ನಾಟ್ತು ಅಂತ ನಂಗೆ ಖುಷಿ. ಮುಂದಿನ ಬೆಂಚಿನ ಹುಡುಗ ಮೆಲ್ಲಗೆ ಕೇಳ್ದ:

"ಯಾರ್ಗೆ ಒಡಿಯಕ್ ಬಂದವ್ನೆ ಸಾ?"

"ಹೊಡಿಯಕ್ಕಲ್ಲ ಕಣೋ, ಮದ್ವೆ ಆಗಕ್ಕೆ."

"ಚಪ್ಪಲಿ ಇಡ್ಕಂಡ್ ಬಂದವ್ನಿಗೆ ಯಾರ್ ಸಾ ಎಣ್ ಕೊಡ್ತಾರೆ?"

ಮಂಗಳವಾರ, ಚೀನಾ

ಅಲ್ಲಿ ಹುಡುಗಿಗೆ ಸಹಾಯ ಮಾಡೋದು ಒಂದು ಮೀನು. ಮಲತಾಯಿ ಅದನ್ನ ಹಿಡಿದು ಅಡುಗೆ ಮಾಡ್ಬಿಡ್ತಾಳೆ. ಮಕ್ಳು ಅಳ್ತಾರೇನೋ ಅಂತ ನಿಲ್ಲಿಸ್ದೆ.

"ಸಾರು ಮಾಡುದ್ಳಾ ಸಾ, ಹುರುದ್ಳಾ?"

"ಪುಸ್ತಕದಲ್ಲಿ ಅದು ಬರೆದಿಲ್ಲ ಕಣೋ."

"ಅಂಗಾರೆ ಬರ್ದೋನು ತಿಂದಿಲ್ಲ ಬುಡಿ."

ಬುಧವಾರ, ಬಾಗಿಲಲ್ಲಿ

ಕ್ಲಾಸಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದೋ ಹುಡುಗಿಗೆ ಮನೇಲಿರೋದು ಚಿಕ್ಕವ್ವ, ಅಪ್ಪನ ಎರಡನೇ ಹೆಂಡ್ತಿ. ಇದು ನಂಗೆ ಗೊತ್ತಿತ್ತು. ಕಥೆ ಆರಿಸ್ಕೊಳ್ಳುವಾಗ ಮಾತ್ರ ಮರ್ತಿತ್ತು. ಈಜಿಪ್ಟು ಶುರು ಮಾಡೋ ಹೊತ್ತಿಗೆ ಆ ಚಿಕ್ಕವ್ವನೇ ಬಂದು ಬಾಗಿಲಲ್ಲಿ ನಿಂತ್ರು. ಹೊಗೆಸೊಪ್ಪು ಕಟ್ಟೋ ಕೆಲ್ಸ ಬಿಟ್ಟು ಬಂದಿದ್ರು, ಅಂಗೈ ಇನ್ನೂ ಕರ್ರಗೆ ಅಂಟಂಟು. ಕೈಲೊಂದು ಹಾಳೆ.

"ಏನ್ ಸಾ ಕಥೆ ಏಳಿದ್ದೀರಿ? ಎರಡ್ ದಿನದಿಂದ ಇವ್ಳು ಒಲೆ ಮುಂದಿಂದ ಏಳಾಕಿಲ್ಲ. ಬೂದಿ ತೆಗಿತೀನಿ, ಪಾತ್ರೆ ಕೊಡು, ಅರ್ದಿರೋ ಲಂಗ ಕೊಡು ಅಂತಾಳೆ. ಯಾಕ್ ಮಗ ಅಂದ್ರೆ, ರಾಜಕುಮಾರ ಬರ್ಬೇಕಂತೆ! ಓಗೋರ್ ಬರೋರೆಲ್ಲ ನನ್ನೇ ನೋಡ್ತಾವ್ರೆ."

"ಅದು ಬೇರೆ ದೇಶದ ಕಥೆ ಕಣಮ್ಮ."

"ಅಷ್ಟೊಂದ್ ದೇಸ ಸುತ್ತಿದ್ದೀರಲ್ಲ, ಒಂದ್ ದೇಸದಲ್ಲೂ ಒಳ್ಳೆ ಚಿಕ್ಕವ್ವ ಇಲ್ವಾ ಸಾ?"

ಯೋಚ್ನೆ ಮಾಡ್ದೆ. ಇರ್ಲಿಲ್ಲ.

ಆಕೆ ಹಾಳೆ ತೋರಿಸಿದ್ರು. ಟಿ.ಸಿ. ಅರ್ಜಿ. "ಸುಕ್ರವಾರ ಬತ್ತೀನಿ. ಸರಿ ಓಗ್ನಿಲ್ಲ ಅಂದ್ರೆ ಮಗೀನ ಹುಣಸೂರ್ ಕಾನ್ವೆಂಟಿಗೆ ಆಕ್ತೀನಿ. ಅಲ್ಲಿ ಇಂಗ್ಲೀಷಲ್ಲಿ ಕಥೆ ಏಳ್ತಾರಂತೆ. ಅರ್ಥ ಆಗಾಕಿಲ್ಲ, ಮನೆ ನೆಮ್ದಿಯಾಗಿರ್ತದೆ."

ಶುಕ್ರವಾರ, ನಮ್ಮೂರು

ಗುರುವಾರ ಮಕ್ಳಿಗೆ ಹೇಳ್ದೆ: "ನಮ್ಮೂರ ಕಥೆ ನೀವೇ ಕಟ್ಟಿ. ಚಿಕ್ಕವ್ವ ಒಳ್ಳೇವ್ಳಾಗಿರ್ಬೇಕು. ಮಿಕ್ಕಿದ್ದು ನಿಮ್ಮಿಷ್ಟ."

ಶುಕ್ರವಾರ ಆಕೆ ಹಿಂದಿನ ಬೆಂಚಲ್ಲಿ ಕೂತ್ರು, ಅರ್ಜಿ ತೊಡೆ ಮೇಲೆ. ಹುಡುಗಿ ಎದ್ದು ನಿಂತ್ಳು.

"ಒಂದೂರಲ್ಲಿ ಒಬ್ಳು ಹುಡುಗಿ. ಚಿಕ್ಕವ್ವ ದಿನಾ ಅವ್ಳಿಗೆ ಎರಡು ಜಡೆ ಹಾಕಿ, ರೊಟ್ಟಿ ಕಟ್ಟಿ ಕಳುಸ್ತಿದ್ಳು."

ಆಕೆ ಮುಖ ಬಿಗೀನೇ ಇತ್ತು.

"ಆದ್ರೆ ಒಬ್ಬ ಕೆಟ್ಟೋನು ಅವ್ಳ ಕೈಲಿ ಕಸ ಗುಡಿಸ್ತಿದ್ದ, ಗಿಡಕ್ಕೆ ನೀರು ಹೊರಿಸ್ತಿದ್ದ. ತಪ್ಪು ಬಂದ್ರೆ ಹತ್ತತ್ತು ಸಲ ಬರೆಸ್ತಿದ್ದ."

"ಯಾವನ್ ಮಗ ಅವ್ನು?" ಅಂತ ಚಿಕ್ಕವ್ವ ಎದ್ದೇಬಿಟ್ರು.

ಇಡೀ ಕ್ಲಾಸು ತಿರುಗಿ ನನ್ನ ನೋಡ್ತು.

ಆಕೆ ನಕ್ಕಿದ್ದು ರಸ್ತೆಗೆ ಕೇಳಿರ್ಬೇಕು. ಅರ್ಜಿ ಮಡಚಿ ಸೊಂಟಕ್ಕೆ ಸಿಗಿಸ್ಕೊಂಡ್ರು. "ಇಲ್ಲೇ ಓದ್ಲಿ ಬುಡಿ ಸಾ. ನೀವೂ ಒಸಿ ಸುದಾರುಸ್ಕಳಿ."

ಸಂಜೆ ಮನೇಲಿ ಹೆಂಡ್ತಿಗೆ ಎಲ್ಲಾ ಹೇಳ್ದೆ. ಹುರುಳಿಕಾಯಿ ನಾರು ತೆಗೀತಾ ಕೇಳಿದ್ಳು:

"ಇಡೀ ಕ್ಲಾಸು ನಿಮ್ಮನ್ನೇ ನೋಡ್ತಾ? ಕೆಟ್ಟೋನ ವೇಷಗೀಷ ಏನಾದ್ರೂ ಹಾಕಿದ್ರಾ?"

"ಇಲ್ಲ, ದಿನಾ ಹೋಗೋ ಹಂಗೇ ಹೋಗಿದ್ದೆ."

"ಅಂಗಾರೆ ಆ ಮಗು ಹೇಳಿದ್ದು ಕಥೆ ಅಲ್ಲ ಬುಡಿ."