ಒರೆಸಿದ ಗಾಜು

ಆ ಬೆಳಿಗ್ಗೆ ಹೆಂಡತಿ ಔಷಧದಂಗಡಿಯ ಗೋಡೆಯ ಜೇಡರ ಬಲೆ ತೆಗೆದು ಚೌಕಟ್ಟಿನ ಗಾಜು ಒರೆಸದೇ ಇದ್ದಿದ್ದರೆ ಮಾತ್ರೆ ಮಾವ ನೆಮ್ಮದಿಯಾಗಿರುತ್ತಿದ್ದ.

“ರೀ, ಇಲ್ನೋಡಿ. ನಿಮ್ಮ ಲೈಸೆನ್ಸು ನಿನ್ನೆಗೇ ಮುಗಿದಿದೆ!”

ಮಾವ ಕತ್ತೆತ್ತಿ ನೋಡಿದ. ಐದು ವರ್ಷ ತಲೆಯ ಮೇಲೇ ಇದ್ದ ಆ ಚೌಕಟ್ಟನ್ನು ಅವನು ಒಮ್ಮೆಯೂ ಓದಿರಲಿಲ್ಲ. ಸಿಕ್ಕಿಬಿದ್ದರೆ ಅಂಗಡಿಗೆ ಬೀಗಮುದ್ರೆ. ಬಾಗಿಲು ಹಾಕೋಣವೆಂದರೆ ಪಕ್ಕದ ದರ್ಜಿ ಯಾಕೆಂದು ಕೇಳುತ್ತಾನೆ. ಅವನಿಗೆ ಹೇಳಿದರೆ ಬೀದಿಗೆಲ್ಲ ಡಂಗುರ. ನವೀಕರಣದ ಅರ್ಜಿ ತರಲು ಹೆಂಡತಿಯನ್ನು ಓಡಿಸಿ, ಚೌಕಟ್ಟಿನ ಮೇಲೆ ಕೆಮ್ಮಿನ ಔಷಧದ ಕ್ಯಾಲೆಂಡರ್ ನೇತುಹಾಕಿದ.

ಹತ್ತು ಗಂಟೆಗೆ ಕನ್ನಡಕದವನೊಬ್ಬ ಎದುರಿನ ಬೆಂಚಿನ ಮೇಲೆ ಬಂದು ಕುಳಿತ. ಅಂಗಡಿಯನ್ನು ದಿಟ್ಟಿಸುವುದು, ಮಡಿಚಿದ ಹಾಳೆಯಲ್ಲಿ ಏನೋ ಗೀಚುವುದು.

ದರ್ಜಿ ಕತ್ತು ಚಾಚಿದ. “ಔಷಧ ಇನ್ಸ್‌ಪೆಕ್ಟರೇ ಇರ್ಬೇಕು ಮಾವ. ಬೂಟು ನೋಡಿ, ಸರ್ಕಾರಿ ಹೊಳಪು. ಅದಿರ್ಲಿ, ನನ್ನ ನಿದ್ದೆ ಮಾತ್ರೆ ಎರಡು ಕೊಡಿ.”

“ಡಾಕ್ಟರ್ ಚೀಟಿ?”

“ಚೀಟೀನಾ? ಹೋದ್ವಾರ ಕೇಳ್ಲಿಲ್ವಲ್ಲ!”

“ಮೆಲ್ಲಗೆ ಮಾತಾಡೋ ಮಹಾರಾಯ!” ಮಾವನ ಬೆರಳುಗಳು ಗಾಜಿನ ಮೇಜನ್ನು ಹೊಲಿಗೆ ಯಂತ್ರದಂತೆ ಕುಟ್ಟುತ್ತಿದ್ದವು.

ಜ್ವರದ ಮಗುವಿಗೆಂದು ಆಂಟಿಬಯಾಟಿಕ್ ಕೇಳಿದ ಹೆಂಗಸಿಗೂ ಅದೇ ಉತ್ತರ. ಅವಳು ಗೋಗರೆದಳು, ಮಾವನೇ ಅತ್ತುಬಿಡುವಂತಿದ್ದ, ಆದರೂ ಕೊಡಲಿಲ್ಲ. ಕೊನೆಗೆ ಸ್ವಂತ ಅತ್ತೆಯನ್ನೂ ಬರಿಗೈಯಲ್ಲಿ ಕಳಿಸಿದ.

“ಮಗಳನ್ನ ಕೊಡೋವಾಗ ನಾನು ಚೀಟಿ ಕೇಳಿದ್ನಾ?” ಎಂದು ಅತ್ತೆ ಬೀದಿ ತಿರುಗುವವರೆಗೂ ಬೈದಳು.

ಮಧ್ಯಾಹ್ನ ಬಸ್ಸು ಬಂತು. ಕನ್ನಡಕದವನು ಹತ್ತಿ ಹೋದ. ಬೆಂಚಿನ ಮೇಲೆ ಉಳಿದದ್ದು ಅರ್ಧ ತುಂಬಿಸಿದ ಪದಬಂಧ.

ಬೆಳಗಿನಿಂದ ಹಿಡಿದಿಟ್ಟ ಉಸಿರನ್ನು ಮಾವ ಬಿಟ್ಟ. ಅದು ಪೂರ್ತಿ ಹೊರಬರುವ ಮೊದಲೇ ಜ್ವರದ ಮಗುವಿನ ತಾಯಿ ಮತ್ತೆ ಎದುರಿಗೆ ನಿಂತಿದ್ದಳು. ಕೈಯಲ್ಲಿ ಗುರುತಿನ ಕಾರ್ಡು.

“ನಾನು ಔಷಧ ಇನ್ಸ್‌ಪೆಕ್ಟರ್. ಮಗು, ಜ್ವರ ಎಲ್ಲ ಸುಳ್ಳು. ಈ ಬೀದೀಲಿ ಏಳು ಅಂಗಡಿಗೆ ಹೋದೆ, ಚೀಟಿ ಕೇಳಿದ್ದು ನೀವೊಬ್ರೇ. ಮಾದರಿ ಅಂಗಡಿ ಅಂತ ಬರೀತೀನಿ. ನಿಮ್ಮ ಲೈಸೆನ್ಸ್ ನಂಬರ್ ಒಂದು ಹೇಳಿ.”

ಮಾವ ನಂಬರ್ ಹುಡುಕುವವನಂತೆ ಡ್ರಾಯರ್ ಎಳೆದು ಹಳೇ ಬಿಲ್ಲುಗಳನ್ನು ತಿರುವತೊಡಗಿದ.

ಮಾದರಿ ಎಂಬ ಮಾತು ಕಿವಿಗೆ ಬಿದ್ದದ್ದೇ ದರ್ಜಿ ಓಡಿಬಂದ. ಬೆಳಗಿನ ಕೋಪ ಮರೆತು ಸ್ಟೂಲು ಹತ್ತಿ, ಕ್ಯಾಲೆಂಡರನ್ನು ಎತ್ತಿ ಹಿಡಿದ.

“ಮಾವಂಗೆ ನಾಚಿಕೆ ಮೇಡಂ, ತೋರ್ಸೋದೇ ಇಲ್ಲ! ಅಕ್ಕ ಇವತ್ತು ಗಾಜು ಹೇಗೆ ಒರೆಸಿದಾರೆ ನೋಡಿ. ಅಲ್ಲಿಂದಾನೇ ಓದ್ಬೋದು!”