ಬೆನ್ನಿಗೆ ಕಟ್ಟಿಕೊಂಡ ಕೊಸರು

ಹನ್ನೊಂದು ಸಾವಿರದ ಐನೂರು ರೂಪಾಯಿ. ಮಂಗಳೂರಿನ ಅಂಗಡಿಯವನು ಹೇಳಿದ್ದು ಹದಿನಾಲ್ಕು ಸಾವಿರ. ಮಿಕ್ಕಿದ್ದನ್ನು ಇಳಿಸಿದವನು ನಾನು. ನೀರಿನಲ್ಲಿ ಮುಳುಗುವವನು ಬೆನ್ನಿಗೆ ಕಟ್ಟಿಕೊಳ್ಳುವ ಒಂದು ಗಾಳಿಚೀಲಕ್ಕೆ ಅಷ್ಟು ಸುರಿದೆಯಾ ಎಂದು ಹುಬ್ಬೇರಿಸಬೇಡಿ. ಆಲೂರಿನಲ್ಲಿ ನನ್ನದು ಪಂಪ್‌ಸೆಟ್ ಅಂಗಡಿ. ಸೈಕಲ್ಲಿಗೆ ಪಾನಾಗಳ ಚೀಲ ನೇತುಹಾಕಿಕೊಂಡು ಊರೂರು ತಿರುಗಿ ಮೇಲೆ ಬಂದವನು ನಾನು. ಮೊದಲೆಲ್ಲ ಎಸ್ಟೇಟಿನ ಕೆರೆಗಳಲ್ಲಿ ಪಂಪಿನ ಪೈಪಿನ ತುದಿಗಿರುವ ಫುಟ್‌ವಾಲ್ವಿಗೆ ಕಸ ಕಟ್ಟಿಕೊಂಡರೆ ಯಾರಾದರೂ ಮೂಗು ಹಿಡಿದು ಮುಳುಗಿ ಸರಿ ಮಾಡುತ್ತಿದ್ದರು. ಆಮೇಲೆ ಯಂತ್ರ ತರಿಸಿ ಕೆರೆಗಳನ್ನು ಆಳ ಮಾಡಿಸಿದ್ದೇ ಮಾಡಿಸಿದ್ದು, ವಾಲ್ವು ಇಪ್ಪತ್ತೈದು ಅಡಿ ಕೆಳಗೆ ಹೋಗಿ ಕೂತಿತು. ಅಷ್ಟು ಆಳದಲ್ಲಿ ಮೂಗು ಹಿಡಿದು ಎಷ್ಟು ಹೊತ್ತು ಪಾನಾ ತಿರುಗಿಸುತ್ತೀರಿ? ಬೆನ್ನಿಗೆ ಗಾಳಿಯ ಸಿಲಿಂಡರ್ ಬೇಕು. ಸಿಲಿಂಡರ್ ಕಟ್ಟಿಕೊಂಡರೆ ಈ ಚೀಲವೂ ಬೇಕು. ಅದಕ್ಕೆ ಗಾಳಿ ತುಂಬಿದರೆ ಮೇಲೇಳುತ್ತೀರಿ, ತೆಗೆದರೆ ಮುಳುಗುತ್ತೀರಿ, ಹದ ಗೊತ್ತಿದ್ದರೆ ನಡುವೆ ತೂಗಿಕೊಂಡು ಕೆಲಸ ಮಾಡುತ್ತೀರಿ.

ಈ ವಿದ್ಯೆ ನನಗೆ ಕಲಿಸಿದವನು ನನ್ನ ಭಾಮೈದ ರುದ್ರೇಶ. ಮಂಗಳೂರಿನ ಬಂದರಿನಲ್ಲಿ ಹಡಗುಗಳ ತಳ ಉಜ್ಜುತ್ತಿದ್ದವನು, ನೀರೊಳಗೆ ಮೀನಿನಷ್ಟು ಸಲೀಸು, ನೀರ ಹೊರಗೆ ಮೀನಿನಷ್ಟೇ ಮಾತು. ಕೆಲಸ ಬಿಟ್ಟು ಊರಿಗೆ ಬಂದಾಗ ತನ್ನ ಹಳೆಯ ಸಾಮಾನನ್ನೂ ತಂದಿದ್ದ. ನಾನೂ ಒಂದು ಜೊತೆ ಕೊಳ್ಳುತ್ತೇನೆ ಎಂದಾಗ ಅವನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗಾಳಿಚೀಲದ ಎರಡು ಆಕಾರ ಬರೆದ. ಒಂದು ಎತ್ತಿನ ಲಾಳದ ಹಾಗೆ, ತಲೆಯ ಕಡೆ ಸೇರಿಕೊಂಡು ಸೊಂಟದ ಕಡೆ ಎರಡು ಕಾಲು ಬಿಟ್ಟದ್ದು. ಇನ್ನೊಂದು ಉದ್ದಿನ ವಡೆಯ ಹಾಗೆ, ನಡುವೆ ತೂತಿದ್ದು ಸುತ್ತ ಎಲ್ಲೂ ಕಡಿಯದ್ದು. "ನಮ್ದು ಬೆನ್ನಿಗೆ ಒಂದೇ ಸಿಲಿಂಡರ್ ಭಾವ. ವಡೆದೇ ತಗಳಿ, ಅದ್ರಲ್ಲೂ ಚಿಕ್ಕದು ಸಾಕು" ಎಂದ. ಅದು ಅವನ ಆ ವಾರದ ಮಾತಿನ ಅರ್ಧಪಾಲು.

ಆ ದಿನಗಳಲ್ಲೇ ಕೆ. ಹೊಸಕೋಟೆಯ ಕಡೆಯಿಂದ ಒಬ್ಬರು ನನ್ನ ಅಂಗಡಿಗೆ ಬಂದು ಏಳೂವರೆ ಎಚ್‌ಪಿ ಮೋಟಾರು ಕೇಳಿದ್ದರು. ಯಾಕೆ ಎಂದರೆ, ಪಕ್ಕದ ತೋಟದವನು ಐದರದ್ದು ಹಾಕಿದ್ದಾನಂತೆ. "ಸ್ವಾಮಿ, ನಿಮ್ಮ ಬಾವೀಲಿ ನೀರಿರೋದು ಮೂರಕ್ಕೆ. ಏಳೂವರೆ ಹಾಕಿ ಗಾಳಿ ಕುಡೀತೀರಾ?" ಎಂದು ಬೈದು ಮೂರರದ್ದನ್ನೇ ಕೊಟ್ಟು ಕಳಿಸಿದ್ದೆ. ಅಂಥ ನಾನು ಆಗಿನ ಎಸ್‌ಟಿಡಿ ಬೂತಿನಲ್ಲಿ ನಿಂತು ಮಂಗಳೂರಿನ ಅಂಗಡಿಯವನ ಜೊತೆ ಚೌಕಾಸಿಗೆ ಇಳಿದೆ ನೋಡಿ, ಬುದ್ಧಿಯೆಲ್ಲ ಬೂತಿನ ಹೊರಗೇ ಉಳಿಯಿತು. ಹುಟ್ಟಿದಾರಭ್ಯ ಸಂತೆಯಲ್ಲಿ ಕೊಸರು ಕೇಳದೆ ಒಂದು ಸೇರು ಅವರೆಕಾಯಿ ಕೊಂಡವನಲ್ಲ ನಾನು. ಅಳೆದ ಮೇಲೆ ಇನ್ನೊಂದು ಹಿಡಿ ಬೀಳದಿದ್ದರೆ ವ್ಯಾಪಾರವೇ ಆಗಲಿಲ್ಲವೆಂದು ಲೆಕ್ಕ. ಚಿಕ್ಕ ವಡೆಯ ಬೆಲೆಯನ್ನು ಹನ್ನೊಂದೂವರೆ ಸಾವಿರಕ್ಕೆ ಇಳಿಸಿ, "ಇದೇ ರೇಟಿಗೆ ದೊಡ್ಡದು ಯಾವುದಿದೆ?" ಎಂದೆ. ಲಾಳದ ಆಕಾರದ್ದು, ದುಪ್ಪಟ್ಟು ಭಾರ ಎತ್ತುವಂಥದ್ದು, ಬಹಳ ದಿನದಿಂದ ಮಾರಾಟವಾಗದೆ ಕೂತಿದೆ ಎಂದ. ಹಾಗೆ ಹೇಳಿ ಅವನೇ ಸೇರಿಸಿದ: "ಅದು ಜೋಡಿ ಸಿಲಿಂಡರಿಗೆ ಮಾರಾಯ್ರೆ, ನಿಮಗೆ ಅಷ್ಟು ದೊಡ್ಡದು ಎಂತಕ್ಕೆ?"

ಅಲ್ಲೇ ನಾನು ಕೆಟ್ಟೆ. ಮಾರುವವನೇ ಬೇಡ ಎಂದರೆ ಆ ಸಾಮಾನನ್ನು ಯಾರಿಗೋ ಹೆಚ್ಚು ಬೆಲೆಗೆ ತೆಗೆದಿಟ್ಟಿದ್ದಾನೆ ಎಂಬುದು ಮೂವತ್ತು ವರ್ಷದ ವ್ಯಾಪಾರ ನನಗೆ ಕಲಿಸಿದ ಪಾಠ. "ಅದನ್ನೇ ಕಳಿಸಿ" ಎಂದೆ, ಗೆದ್ದವನ ಧ್ವನಿಯಲ್ಲಿ.

ಪಾರ್ಸಲ್ ಬಂದ ದಿನ ನಡುಮನೆಯಲ್ಲಿ ಅದಕ್ಕೆ ಪೂರಾ ಗಾಳಿ ತುಂಬಿ ಬೆನ್ನಿಗೆ ಕಟ್ಟಿಕೊಂಡು ನಿಂತೆ. ಹೆಂಡತಿ ಗಿರಿಜಾ ಒಳಗಿನಿಂದ ಬಂದು ಹಿಂದೆ ಮುಂದೆ ನೋಡಿದಳು. "ಏನ್ರೀ ಇದು, ನೊಗ ಐತೆ, ಎತ್ತೆಲ್ಲಿ ಅಂತ ನೋಡ್ತಿದ್ದೆ. ಕಟ್ಕಂಡೇ ನಿಂತೈತೆ" ಅಂದಳು. ರುದ್ರೇಶ ಚೀಲದ ಎರಡು ಅಂಚನ್ನೂ ಹಿಡಿದು ಅಗಲ ನೋಡಿದ, ನನ್ನ ಮುಖ ನೋಡಿದ, ಕಾಫಿ ಕುಡಿದು ಹೋದ.

ಫೆಬ್ರವರಿ ಕೊನೆಗೆ ಹೆಗ್ಗದ್ದೆಯಿಂದ ಗುರುಶಾಂತಪ್ಪನವರ ಫೋನು ಬಂತು. ಎಂಟು ಎಕರೆ ರೊಬಸ್ಟಾ ತೋಟ ಅವರದ್ದು. ಹೂವಿಗೆಂದು ಸ್ಪ್ರಿಂಕ್ಲರ್ ನೀರು ಹೊಡೆಯುತ್ತಿದ್ದಾಗ ಅರ್ಧ ತೋಟ ಮುಗಿಯುವಷ್ಟರಲ್ಲಿ ಕೆರೆಯೊಳಗೆ ವಾಲ್ವು ಕಟ್ಟಿಕೊಂಡು ಪಂಪು ನಿಂತಿತ್ತು. ಕಾಫಿ ಬೆಳೆಯದವರಿಗೆ ಇದರ ಸಂಕಟ ಗೊತ್ತಿರಲಿಕ್ಕಿಲ್ಲ. ಮೊಗ್ಗಿಗೆ ನೀರು ಅರೆಬರೆ ಬಿದ್ದರೆ ಅದು ಅರಳುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ, ಕೆಂಪಗಾಗಿ ಕರಟಿಹೋಗುತ್ತದೆ. ಆಮೇಲೆ ವರ್ಷವಿಡೀ ಗಿಡದಲ್ಲಿ ಎಲೆ ಎಣಿಸಬೇಕು. ನಮ್ಮಲ್ಲಿದ್ದದ್ದು ತುಂಬಿದ ಎರಡೇ ಸಿಲಿಂಡರ್, ರುದ್ರೇಶನಿಗೊಂದು, ನನಗೊಂದು. ಖಾಲಿಯಾದರೆ ಘಾಟಿ ಇಳಿದು ಮಂಗಳೂರಿನಲ್ಲಿ ತುಂಬಿಸಿ ತರಬೇಕು. ಅಷ್ಟು ದಿನ ಮೊಗ್ಗು ಕಾಯುವುದಿಲ್ಲ. "ನಾನ್ ಇಳೀತೀನಿ ಭಾವ" ಎಂದ ರುದ್ರೇಶ. ಗುರುಶಾಂತಪ್ಪ ನನ್ನ ಗಿರಾಕಿ, ಚೀಲ ಹೊಸದು, ನಾನೇ ಇಳಿದೆ.

ಕೆಳಗೆ ಮುಟ್ಟುವವರೆಗೆ ಎಲ್ಲ ಚೆನ್ನಾಗಿತ್ತು. ಚೀಲ ದೊಡ್ಡದಿದೆಯಲ್ಲ ಎಂದು ಸೀಸದ ತೂಕವನ್ನೂ ಧಾರಾಳವಾಗಿ ಕಟ್ಟಿಕೊಂಡಿದ್ದೆ, ಗಾಳಿಯನ್ನೂ ಧಾರಾಳವಾಗಿ ತುಂಬಿದೆ. ಫುಟ್‌ವಾಲ್ವ್ ಕೆಲಸವೆಂದರೆ ತಲೆ ಕೆಳಗೆ, ಕಾಲು ಮೇಲೆ. ನಾನು ತಲೆ ತಗ್ಗಿಸಿದ್ದೇ ತಡ, ಒಳಗಿನ ಗಾಳಿಯೆಲ್ಲ ಲಾಳದ ಎರಡು ಕಾಲಿಗೂ ಓಡಿತು. ಗಾಳಿ ಹೊರಬಿಡಲೆಂದು ಸೊಂಟದ ಎಡಗಡೆಯ ಹುರಿ ಎಳೆದೆ, ಚೀಲದ ಎಡಗಾಲು ಖಾಲಿಯಾಯಿತು. ಬಲಗಾಲಿನ ಗಾಳಿಗೆ ಆ ಕಡೆಗೆ ದಾರಿಯೇ ಇಲ್ಲ! ಜೊತೆಗೆ ಅಷ್ಟಗಲದ ಚೀಲ ಒಂಟಿ ಸಿಲಿಂಡರನ್ನು ಕಡುಬಿನೆಲೆಯ ಹಾಗೆ ಸುತ್ತಿಕೊಂಡು ಮಡಿಕೆಯಲ್ಲೂ ಗಾಳಿ ಹಿಡಿದಿಟ್ಟಿತು. ಒಂದೇ ಪಕ್ಕಕ್ಕೆ ಹುಲ್ಲು ಹೇರಿದ ಗಾಡಿಯಂತೆ ವಾಲಿ, ಕೆಸರೆಲ್ಲ ಕದಡಿ, ಮೇಲೇರಿದಷ್ಟೂ ಗಾಳಿ ಹಿಗ್ಗಿ, ಕಾಲು ಮುಂದಾಗಿ ನೀರಿನಿಂದಾಚೆ ಬಂದೆ. ಮೇಲೇರುವಾಗ ಉಸಿರು ಹಿಡಿದರೆ ಎದೆ ಒಡೆಯುತ್ತದೆ, ಹಿಡಿಯಬೇಡಿ ಎಂದು ರುದ್ರೇಶ ಹೇಳಿದ್ದ ಒಂದು ಮಾತನ್ನಾದರೂ ಕೇಳಿದ್ದಕ್ಕೆ ಬದುಕಿದೆ. ಮೂರು ಸಲ ಇಳಿದೆ, ಮೂರು ಸಲವೂ ಕೆರೆ ನನ್ನನ್ನು ವಾಪಸು ಕಳಿಸಿತು. ಸಿಲಿಂಡರ್ ಖಾಲಿ.

ಏರಿಯ ಮೇಲಿಂದ ಗುರುಶಾಂತಪ್ಪ, "ಶಿವಣ್ಣ, ಕೆರೇಗೆ ನೀವು ಬ್ಯಾಡ್ವಂತೆ ಕಣ್ರೀ" ಎಂದರು. ನಗೆಯಾಡಿದ್ದೇನೋ ಸರಿ, ಆದರೆ ಮುಖ ತಿರುಗಿದ್ದು ತೋಟದ ಕಡೆಗೆ.

ರುದ್ರೇಶ ತನ್ನ ಹಳೆಯ ಚಿಕ್ಕ ವಡೆ ಕಟ್ಟಿಕೊಂಡು, ಸೊಂಟಕ್ಕೆ ಬಿಗಿದ ಹಗ್ಗದ ಇನ್ನೊಂದು ತುದಿಯನ್ನು ನನ್ನ ಕೈಗಿತ್ತು ಇಳಿದ. ನಾನು ಕದಡಿದ ಕೆಸರಿನಲ್ಲಿ ಅವನಿಗೆ ತನ್ನ ಕೈಯೇ ಕಾಣುವಂತಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಹತ್ತಿರ ಯಾರಿಗೂ ಹೇಳುವ ಬುದ್ಧಿಮಾತು ಉಳಿದಿರಲಿಲ್ಲ. ಹಗ್ಗದ ಒಂದೊಂದು ಅಲುಗಾಟವನ್ನೂ ಬೆರಳಿನಲ್ಲಿ ಕೇಳುತ್ತ ನಿಂತೆ. ನೀರಿನ ಮೇಲೆ ಗುಳ್ಳೆ ಬಂದರೆ ನನಗೂ ಉಸಿರು, ತಡವಾದರೆ ಇಲ್ಲ. ಗಿರಿಜಾಗೆ ಇರುವವನು ಅವನೊಬ್ಬನೇ ತಮ್ಮ ಎಂಬುದು ಅಲ್ಲಿಯವರೆಗೆ ನನಗೆ ಒಂದು ಸಂಬಂಧದ ವಿವರವಾಗಿತ್ತು, ಅಷ್ಟೆ. ಕೊನೆಗೆ ಎರಡು ಸಲ ಜಗ್ಗಿದ. ವಾಲ್ವಿಗೆ ಸುತ್ತಿಕೊಂಡಿದ್ದ ಗೊಬ್ಬರದ ಚೀಲವೊಂದನ್ನು ಹಿಡಿದು ಮೇಲೆ ಬಂದ. ಪಂಪು ಕೆಮ್ಮಿತು, ಹಿಡಿಯಿತು. ದೂರದ ಗಿಡಗಳ ಮೇಲೆ ನೀರು ತಿರುಗತೊಡಗಿದಾಗ ಗುರುಶಾಂತಪ್ಪ ಏರಿಯ ಮೇಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ವಾಪಸು ಬರುವಾಗ ಜೀಪಿನಲ್ಲಿ ರುದ್ರೇಶ ಬೈಯಲೆಂದು ಕಾದೆ. ಸಕಲೇಶಪುರ ದಾಟಿದ ಮೇಲೆ ನಾನೇ, "ಏನಾರ ಹೇಳೋದಿದ್ರೆ ಹೇಳ್ಬುಡೋ ಮಾರಾಯ" ಎಂದೆ.

"ಏನ್ ಹೇಳಾನ ಭಾವ? ಹಗ್ಗ ಚೆನ್ನಾಗ್ ಹಿಡ್ಕಂಡಿದ್ರಿ."

ಬೈದಿದ್ದರೆ ಚೌಕಾಸಿ ಮಾಡಬಹುದಿತ್ತು. ಇದನ್ನು ಎಷ್ಟಕ್ಕೆಂದು ಇಳಿಸಲಿ?

ಆದ್ದರಿಂದ ಓದುಗರೇ, ನೀವೆಂದಾದರೂ ಇಂಥ ಚೀಲ ಕೊಳ್ಳುವುದಾದರೆ ಬೆಲೆ ಕೇಳುವ ಮೊದಲು ಸಿಲಿಂಡರ್ ಕಟ್ಟಿ ನೋಡಿ. ಗಾಳಿ ತುಂಬಿದಾಗ ಅಂಚು ಸಿಲಿಂಡರನ್ನು ಅಪ್ಪಿಕೊಂಡರೆ ಅದು ನಿಮ್ಮದಲ್ಲ. ತಲೆಕೆಳಗಾಗಿ ಹಿಡಿದು ಸೊಂಟದ ಹುರಿ ಎಳೆಯಿರಿ. ಎರಡು ಕಡೆಯೂ ಖಾಲಿಯಾಗದಿದ್ದರೆ ಬಗ್ಗಿ ಮಾಡುವ ಕೆಲಸಕ್ಕೆ ಅದನ್ನು ನಂಬಬೇಡಿ. ಒಂದು ಸಿಲಿಂಡರಿಗೆ ಕಿರಿದಾದ ವಡೆಯೇ ಸರಿ. ಮಾರುವವನು ಬೇಡ ಎಂದರೆ, ಅವನಲ್ಲೂ ಒಬ್ಬ ಒಳ್ಳೆಯವನಿರಬಹುದೆಂದು ಒಂದು ನಿಮಿಷ ಯೋಚಿಸಿ. ಇಷ್ಟಾದರೂ ಅನುಮಾನ ಉಳಿದರೆ ಆಲೂರಿನ ನನ್ನ ಅಂಗಡಿಗೆ ಬನ್ನಿ, ಆದರೆ ನನ್ನನ್ನು ಕೇಳಬೇಡಿ. ರುದ್ರೇಶ ಬರುವ ತನಕ ಬೆಂಚಿನ ಮೇಲೆ ಕೂತಿರಿ. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿರುತ್ತೇನೆಂದು ಮಾತ್ರ ಮಾತು ಕೊಡಲಾರೆ.